ನನಗೊಬ್ಬನಿಗೆ ಕೇಳಿಸದ ಸಿಳ್ಳೆ

ಸೋಮವಾರ ಮಧ್ಯಾಹ್ನ ಮೂರು ಗಂಟೆಗೆ ಆ ರೆಸ್ಟೋರೆಂಟಿನ ನಡುವೆ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಿದೆ. ಜಾಗ ಹೇಗಿದೆ ಎಂದು ತಿಳಿಯಲು ಮೈಕ್ ಸೆಟ್‌ನವರು ಮೊದಲು ಮಾಡುವ ಕೆಲಸ ಅದು. ಚಪ್ಪಾಳೆ ಎದುರಿನ ಗಾಜಿನ ಗೋಡೆಗೆ ಬಡಿದು, ಗ್ರಾನೈಟ್ ನೆಲಕ್ಕೆ ಬಿದ್ದು, ಎರಡು ಮೂರು ಸಲ ಪುಟಿದು ವಾಪಸ್ ಬಂತು. ಸುಲಭದ ಜಾಗವಲ್ಲ ಅನ್ನಿಸಿತು.

ಮೂಡಿಗೆರೆಯಲ್ಲಿ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಮೇಲಕ್ಕೆ ಹೋದರೆ ಸಿಗುವ ಹದಿನಾಲ್ಕು ಮೇಜಿನ ಹೋಟೆಲು ಅದು. ಮಧ್ಯಾಹ್ನ ಬ್ಯಾಂಕಿನವರು, ವಕೀಲರು ಬರುತ್ತಾರೆ. ಸಂಜೆ ಸುತ್ತಲಿನ ಬೀದಿಯವರು. ಅದನ್ನು ನಡೆಸುವ ಹೆಂಗಸಿಗೆ ನಲವತ್ತೈದು ಇರಬಹುದು. ಕಾಫಿ ಹಣ್ಣಿನ ಕೊಯ್ಲು ಶುರುವಾದರೆ ಯಾರಿಗೂ ಪುರುಸೊತ್ತಿರುವುದಿಲ್ಲ, ಅದಕ್ಕೆ ಮುಂಚಿನ ಒಂದು ವಾರ ದಿನಾ ಸಂಜೆ ಆರರಿಂದ ಎಂಟರವರೆಗೆ ತಮ್ಮ ಹೋಟೆಲಿನಲ್ಲಿ ಸುತ್ತಲಿನ ಊರಿನವರೇ ಹಾಡಬೇಕು, ನುಡಿಸಬೇಕು ಎಂದು ಅವರು ಹಟ ಹಿಡಿದಿದ್ದರು. ಏಳು ದಿನಕ್ಕೂ ಬೇಕಾದವರನ್ನು ತಾವೇ ಹುಡುಕಿ ಒಪ್ಪಿಸಿದ್ದರು. ಸೌಂಡ್ ನನ್ನದು.

"ಮದುವೆ ಸೆಟ್ ಬೇಡ ಮಾರಾಯ್ರೆ," ಎಂದಿದ್ದರು ಮಾಲಕಿ. "ಊಟ ಮಾಡ್ತಾ ಪಕ್ಕದವರ ಹತ್ರ ಮಾತಾಡ್ಲಿಕ್ಕೂ ಆಗ್ಬೇಕು, ಹಾಡಿನ ಒಂದೊಂದು ಪದವೂ ಕೇಳ್ಬೇಕು."

ಅದು ನನಗೆ ಹೊಸದು. ಇಪ್ಪತ್ತಮೂರು ವರ್ಷ ನಾನು ಮಾಡಿದ್ದೆಲ್ಲ ಮದುವೆ, ಉರೂಸು, ಗಣಪತಿ, ಚುನಾವಣೆ. ಅಲ್ಲಿ ನನಗೆ ಯಾರಾದರೂ ಏನಾದರೂ ಹೇಳಿದ್ದಿದ್ದರೆ 'ಇನ್ನೂ ಜೋರು' ಎಂದು ಮಾತ್ರ.

ಅವತ್ತು ದೊಡ್ಡ ಹಾರ್ನ್ ಸ್ಪೀಕರುಗಳನ್ನು ಅಂಗಡಿಯಲ್ಲೇ ಬಿಟ್ಟು ಎರಡು ಸಣ್ಣ ಸ್ಪೀಕರ್, ಹನ್ನೆರಡು ಚಾನೆಲ್ಲಿನ ಮಿಕ್ಸರ್, ಮೂವತ್ತೊಂದು ಸ್ಲೈಡರಿನ ಈಕ್ವಲೈಸರ್ ತಂದಿದ್ದೆ. ಈಕ್ವಲೈಸರ್ ಅಂದರೆ ಶಬ್ದವನ್ನು ದಪ್ಪದಿಂದ ಸಣ್ಣದರವರೆಗೆ ಮೂವತ್ತೊಂದು ಹೋಳು ಮಾಡಿ ಒಂದೊಂದನ್ನೂ ಬೇರೆ ಬೇರೆ ಏರಿಸಿ ಇಳಿಸುವ ಪೆಟ್ಟಿಗೆ. ಕಾರ್ಯಕ್ರಮಕ್ಕೆ ಮೊದಲು ಮೈಕಿನ ವಾಲ್ಯೂಮ್ ನಿಧಾನ ಏರಿಸುತ್ತಾ ಹೋಗಬೇಕು. ಒಂದು ಹಂತದಲ್ಲಿ ಸ್ಪೀಕರಿನ ದನಿಯೇ ಮೈಕಿಗೆ ಹೊಕ್ಕು ಕೂಗತೊಡಗುತ್ತದೆ. ಆ ಕೂಗು ಯಾವ ಹೋಳಿನದು ಎಂದು ಕಿವಿಯಲ್ಲೇ ಗುರುತಿಸಿ ಆ ಸ್ಲೈಡರನ್ನು ಇಳಿಸಬೇಕು. ಮತ್ತೆ ಏರಿಸಬೇಕು, ಮುಂದಿನ ಕೂಗು ಹಿಡಿಯಬೇಕು. ಸೋಮವಾರ ನಾನು ನಾಲ್ಕು ಕೂಗು ಹಿಡಿದೆ. ಐದನೆಯದು ಬರಲಿಲ್ಲ. ಕೆಲಸ ಮುಗಿಯಿತು ಅಂದುಕೊಂಡೆ.

ಆರು ಗಂಟೆಗೆ ಇಗರ್ಜಿಯಲ್ಲಿ ಗಿಟಾರ್ ನುಡಿಸುವ ಯುವಕ ಮತ್ತು ಅವನ ಅಕ್ಕ ಬಂದರು. ಅಕ್ಕನ ದನಿ ಚೆನ್ನಾಗಿತ್ತು. ಎರಡನೇ ಹಾಡಿಗೆ ಮುಂದಿನ ಮೇಜಿನ ಕುಟುಂಬ ತಟ್ಟೆ ಎತ್ತಿಕೊಂಡು ಹಿಂದಕ್ಕೆ ಹೋಯಿತು. ಮೂರನೇ ಹಾಡಿಗೆ ಒಂದು ಮಗು ಎರಡೂ ಕಿವಿ ಮುಚ್ಚಿಕೊಂಡು ತಾಯಿಯ ಮಡಿಲಿಗೆ ಮುಖ ಒತ್ತಿತು. ನಾನು ವಾಲ್ಯೂಮ್ ಇಳಿಸಿದೆ. ಜನ ಆಗಲೂ ಹುಬ್ಬು ಗಂಟಿಕ್ಕಿಕೊಂಡೇ ಇದ್ದರು. ನನಗೆ ಮಾತ್ರ ಎಲ್ಲ ಸರಿಯಾಗಿ ಕೇಳುತ್ತಿತ್ತು.

"ಕಿವಿ ಚುಚ್ತದಂತೆ," ಎಂದರು ಮಾಲಕಿ.

"ಗಾಜಿನ ಗೋಡೆ ಅಲ್ವಾ. ನಾಳೆ ಸರಿ ಮಾಡ್ತೀನಿ," ಎಂದೆ.

ಮಂಗಳವಾರ ಬೆಳಿಗ್ಗೆ ಆಲ್ದೂರಿಗೆ ಹೋದೆ. ಅಲ್ಲಿ ಕಾಫಿ ಖರೀದಿ ಮಾಡುವ ನನ್ನ ಭಾವನ ಗೋಡೌನಿನಿಂದ ಅರವತ್ತು ಖಾಲಿ ಗೋಣಿಚೀಲ ಹೇರಿಕೊಂಡು ಬಂದೆ. ಗೋಣಿ ಶಬ್ದವನ್ನು ನುಂಗುತ್ತದೆ. ಹಗ್ಗ ಕಟ್ಟಿ ಗಾಜಿನ ಗೋಡೆಯ ಉದ್ದಕ್ಕೂ ಎರಡು ಪದರ ಇಳಿಬಿಟ್ಟೆ. ಹೋಟೆಲಿಗೆಲ್ಲ ಒಣಗಿದ ಪಾರ್ಚ್‌ಮೆಂಟ್ ಕಾಫಿಬೀಜದ ವಾಸನೆ ಬಂತು. ಮತ್ತೆ ಚಪ್ಪಾಳೆ ತಟ್ಟಿದರೆ ಈಗ ಒಂದೇ ಸಲ ಕೇಳಿ ಸತ್ತುಹೋಯಿತು. ಅದರ ಮೇಲೆ ಕೇಬಲ್ ಬದಲಿಸಿದೆ, ಮೈಕ್ ಬದಲಿಸಿದೆ, ಸ್ಪೀಕರುಗಳನ್ನು ಎರಡಡಿ ಮುಂದಕ್ಕೆ ಸರಿಸಿದೆ.

ಅವತ್ತು ಹಾರ್ಮೋನಿಯಂ ಹಿಡಿದು ಹಾಡಿದ ನಿವೃತ್ತ ಮೇಷ್ಟ್ರು ಹಾಡಿನ ನಡುವೆ ಎರಡು ಸಲ ತಲೆ ಎತ್ತಿ ಸ್ಪೀಕರಿನ ಕಡೆ ನೋಡಿದರು. ನಾನು ಮಿಕ್ಸರಿನ ಮುಂದೆ ಕೂರಲಾರದೆ ನಿಂತೆ, ನಿಲ್ಲಲಾರದೆ ಸ್ಪೀಕರಿನವರೆಗೆ ಹೋಗಿ ಬಂದೆ. ಬೆರಳು ಸುಮ್ಮನಿರಲಿಲ್ಲ, ಯಾವುದೋ ನಾಬ್ ತಿರುಗಿಸುವುದು, ಮತ್ತೆ ಇದ್ದಲ್ಲಿಗೇ ತರುವುದು. ಅಡುಗೆಮನೆಯ ಬಾಗಿಲಲ್ಲಿ ಅಕ್ಕಿರೊಟ್ಟಿ ತಟ್ಟುವ ಹೆಂಗಸು ಇಣುಕಿ ನೋಡಿ, ಮುಖ ಕಿವುಚಿ ಒಳಗೆ ಹೋದದ್ದು ಕಂಡಿತು. ಎಸ್ಟೇಟ್ ಲೈನಿನಲ್ಲಿ, ಕೂಲಿಯವರ ಸಾಲುಮನೆಯಲ್ಲಿ, ಬೆಳೆದವರು ಅವರು. ಆ ಹೋಟೆಲು ಶುರುವಾದಾಗಿನಿಂದ ಅಲ್ಲಿದ್ದಾರೆ. ಅವರ ಮುಖ ನೋಡಿ ನನಗೆ ಯಾಕೋ ಸಿಟ್ಟು ಬಂತು.

ಬುಧವಾರ ಕಳಸದಿಂದ ಕೊಳಲಿನವರು ಬಂದರು. ಘಾಟಿ ರಸ್ತೆಯಲ್ಲಿ ಮೂವತ್ತು ವರ್ಷ ಬಸ್ ಓಡಿಸಿ ನಿವೃತ್ತರಾದ ಡ್ರೈವರು. ಕೊಳಲನ್ನು ಛತ್ರಿಯ ಕವರಿನಲ್ಲಿ ಇಟ್ಟುಕೊಂಡು ಬಂದಿದ್ದರು. ಮೆಲುಮಾತಿನ ಮನುಷ್ಯ. ಮೈಕಿಗೆ ಎಷ್ಟು ದೂರ ಕೂರಬೇಕು ಎಂದು ನನ್ನನ್ನು ಕೇಳಿ, ನಾನು ಹೇಳಿದಲ್ಲೇ ಕೂತರು.

ಹತ್ತು ನಿಮಿಷ ಊದಿರಬಹುದು. ಕೊಳಲು ಮೇಲಿನ ಸ್ವರಗಳಿಗೆ ಏರುತ್ತಿದ್ದಾಗ ತಟ್ಟನೆ ನಿಲ್ಲಿಸಿದರು.

"ಒಂದು ನಿಮಿಷ," ಎಂದು ನನ್ನ ಕಡೆ ತಿರುಗಿದರು. "ನನ್ನ ಸಂಗಡ ಇನ್ನೊಂದು ಕೊಳಲು ಊದ್ತಾ ಉಂಟಲ್ಲ. ಅದನ್ನು ಸ್ವಲ್ಪ ನಿಲ್ಸಿ ಕೊಡ್ತೀರಾ?"

ಯಾರೋ ನಕ್ಕರು. ನಾನು ಎಕೋ ಇಳಿಸಿದೆ. ಅವರು ಮತ್ತೆ ಊದಿದರು, ಮತ್ತೆ ನಿಲ್ಲಿಸಿದರು.

"ಇಲ್ಲ, ಹೋಗ್ಲಿಲ್ಲ."

ಈಗ ಮೈಕಿನ ವಾಲ್ಯೂಮ್ ತಗ್ಗಿಸಿದೆ. ಅವರು ಒಂದು ಕ್ಷಣ ನನ್ನನ್ನೇ ನೋಡಿ, ಮೈಕನ್ನು ಕೈಯಿಂದ ಪಕ್ಕಕ್ಕೆ ಸರಿಸಿ ಹಾಗೆಯೇ ಊದತೊಡಗಿದರು. ಮುಂದಿನ ನಾಲ್ಕು ಮೇಜಿಗೆ ಕೇಳಿತು. ಗೋಣಿ ಕಟ್ಟಿದ್ದರಿಂದ ಹಿಂದಿನವರಿಗೆ ಏನೂ ತಲುಪಲಿಲ್ಲ. ಅವರು ತಮ್ಮತಮ್ಮಲ್ಲೇ ಮಾತಿಗಿಳಿದರು, ಮಾತು ಕೊಳಲಿಗಿಂತ ದೊಡ್ಡದಾಯಿತು. ಏಳು ಗಂಟೆಗೇ ಕೊಳಲನ್ನು ಕವರಿಗೆ ಸೇರಿಸಿ, ಬಸ್ಸಿದೆ ಎಂದು ಹೇಳಿ ಅವರು ಹೊರಟುಹೋದರು. ಚಹಾ ಕೂಡ ಕುಡಿಯಲಿಲ್ಲ.

ಕೇಬಲ್ ಸುತ್ತುತ್ತಾ ಕೂತಿದ್ದೆ. ರೊಟ್ಟಿಯ ಹೆಂಗಸು ಕೈ ಒರೆಸಿಕೊಳ್ಳುತ್ತಾ ಹತ್ತಿರ ಬಂದರು.

"ಅಣ್ಣ, ಆ ಸಿಳ್ಳೆ ನಿಮಗೆ ಕೇಳ್ಸಲ್ವಾ?"

"ಯಾವ ಸಿಳ್ಳೆ?"

"ಸೋಮವಾರದಿಂದ ಹೊಡ್ಕೊಳ್ತಾ ಇದೆಯಲ್ಲ. ಸಣ್ಣಕೆ, ಸೂಜಿ ಹಾಗೆ. ಒಳಗೆ ಒಲೆ ಹತ್ರ ನಿಂತ್ರೂ ಕೇಳುತ್ತೆ."

"ರೊಟ್ಟಿ ತಟ್ಟೋರು ರೊಟ್ಟಿ ನೋಡ್ಕೊಳ್ಳಿ," ಎಂದುಬಿಟ್ಟೆ.

ಅವರು ಒಳಗೆ ಹೋದರು. ಆ ಮಾತು ಬಾಯಿಂದ ಬೀಳುವಾಗಲೇ ಅವರು ಸುಳ್ಳು ಹೇಳುತ್ತಿಲ್ಲ ಎಂಬುದು ಗೊತ್ತಾಗಿತ್ತು.

ಗುರುವಾರ ಬೆಳಿಗ್ಗೆ ಅಂಗಡಿ ತೆಗೆಯಲಿಲ್ಲ. ಮನೆಯಲ್ಲೇ ಕೂತು ಫೋನಿಗೆ ಒಂದು ಆ್ಯಪ್ ಹಾಕಿಕೊಂಡೆ. ಬೇಕಾದ ಹರ್ಟ್ಜ್ ಒತ್ತಿದರೆ ಅಷ್ಟೇ ದನಿ ಹೊರಡಿಸುತ್ತದೆ, ಅಂಕಿ ಏರಿದಷ್ಟೂ ದನಿ ಸಣ್ಣ. ಒಳ್ಳೆಯ ಹೆಡ್‌ಫೋನ್ ಹಾಕಿ ಒಂದೊಂದೇ ಕಿವಿಗೆ ಕೇಳಿದೆ. ಐನೂರು ಕೇಳಿತು. ಸಾವಿರ, ಎರಡು ಸಾವಿರ ಕೇಳಿತು. ಮೂರು ಸಾವಿರ ಎಲ್ಲೋ ಪಕ್ಕದ ಕೋಣೆಯಲ್ಲಿದ್ದ ಹಾಗೆ ಇತ್ತು. ನಾಲ್ಕು ಸಾವಿರ ಬಲಗಿವಿಗೆ ಸ್ವಲ್ಪ, ಎಡಗಿವಿಗೆ ಇಲ್ಲ. ಆರು ಸಾವಿರ ಎರಡೂ ಕಡೆ ಇಲ್ಲ. ವಾಲ್ಯೂಮ್ ಪೂರ್ತಿ ಏರಿಸಿದೆ. ಇಲ್ಲ. ಫೋನ್ ಕೆಟ್ಟಿರಬೇಕು ಅಂದುಕೊಂಡು ಹೆಂಡತಿಯನ್ನು ಕರೆದೆ. ಮನೆಯಲ್ಲಿ ನಾವು ಆಡುವುದು ಬ್ಯಾರಿ ಭಾಷೆ. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಅವಳು ಹೆಡ್‌ಫೋನನ್ನು ಕಿವಿಯ ಹತ್ತಿರ ತಂದವಳೇ ಕಿತ್ತು ಮಂಚದ ಮೇಲೆ ಹಾಕಿದಳು.

"ಅಯ್ಯೋ, ಏನಿದು. ತಲೆ ಒಳಗೆ ಹೋಯ್ತು."

ನಾನು ಎದ್ದು ಹಿತ್ತಲಿಗೆ ಹೋದೆ. ನಮ್ಮ ಮನೆಯ ಬೇಲಿಯಾಚೆ ಒಂದು ಎಸ್ಟೇಟಿನ ಸಿಲ್ವರ್ ಓಕ್ ಮರಗಳಿವೆ. ಅವಳೂ ಹಿಂದೆಯೇ ಬಂದಳು.

"ಜೀರುಂಡೆ ಕೂಗ್ತಾ ಇದ್ಯಾ?" ಎಂದೆ.

"ಮಳೆ ಬಿಟ್ಟಾಗಿನಿಂದ ಕೂಗ್ತಾ ಇದೆಯಲ್ಲ. ಹಗಲು ಹೊತ್ತೂ ಬಿಡೋದಿಲ್ಲ."

"ಈಗ?"

ಅವಳು ನನ್ನ ಮುಖ ನೋಡಿದಳು. "ಈಗಲೂ. ನಿಮಗೆ ಕೇಳ್ತಾ ಇಲ್ವಾ?"

ಮರಗಳು ಸುಮ್ಮನೆ ನಿಂತಿದ್ದವು. ಎಲ್ಲೋ ಒಂದು ಜೀಪು ಗೇರ್ ಬದಲಿಸಿದ್ದು ಕೇಳಿತು. ಕೋಳಿ ಕೆದಕಿದ್ದು ಕೇಳಿತು. ನಾನು ಕೊನೆಯ ಸಲ ಜೀರುಂಡೆಯ ಕೂಗು ಕೇಳಿದ್ದು ಯಾವಾಗ ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಟಿವಿ ಜೋರಾಯಿತು ಎಂದು ಇವಳು ಗೊಣಗುತ್ತಿದ್ದದ್ದು, ಫೋನನ್ನು ಯಾವಾಗಲೂ ಬಲಗಿವಿಗೇ ಹಿಡಿಯುತ್ತಿದ್ದದ್ದು, ಮೆರವಣಿಗೆಗಳಲ್ಲಿ ಎಡಗಡೆ ಜನರೇಟರ್, ತಲೆಯ ಮೇಲೆ ಹಾರ್ನ್ ಇಟ್ಟುಕೊಂಡು ಲಾರಿಯಲ್ಲಿ ಗಂಟೆಗಟ್ಟಲೆ ಕೂತಿದ್ದದ್ದು ಎಲ್ಲ ಒಂದರ ಹಿಂದೊಂದು ಬಂದವು.

"ಯಾರಿಗೂ ಹೇಳ್ಬೇಡ," ಎಂದೆ ಅವಳಿಗೆ.

ಅವತ್ತು ಸಂಜೆ ನಾನು ಮಾಡಿದ ಕೆಲಸ ಹೇಡಿತನದ್ದು. ಮೂರು ಸಾವಿರದಿಂದ ಮೇಲಿನ ಸ್ಲೈಡರುಗಳನ್ನೆಲ್ಲ ಪೂರ್ತಿ ಕೆಳಕ್ಕೆ ಎಳೆದುಬಿಟ್ಟೆ. ನನಗೆ ಕೇಳಿಸದ ಜಾಗದಲ್ಲಿ ಏನೂ ಇಲ್ಲದ ಹಾಗೆ ಮಾಡಿದರೆ ಅಲ್ಲಿಂದ ಸಿಳ್ಳೆಯೂ ಬರಲಾರದು. ಬರಲೂ ಇಲ್ಲ. ಯಾರೂ ಕಿವಿ ಮುಚ್ಚಲಿಲ್ಲ. ಮಾಲಕಿ ಗಲ್ಲಾದಿಂದಲೇ ಪರವಾಗಿಲ್ಲ ಎಂಬಂತೆ ತಲೆಯಾಡಿಸಿದರು.

ಆದರೆ ಅವತ್ತು ಹಾಡಿದವರು ದೇವರಮನೆ ಬೆಟ್ಟದ ಕಡೆಯ ಒಬ್ಬ ಯಜಮಾನರು. ದಮ್ಮಡಿ ಬಡಿಯುತ್ತಾ, ಎದುರಿಗೆ ಕೂತವರ ಮೇಲೆಯೇ ಅಲ್ಲಲ್ಲೇ ಪದ ಕಟ್ಟಿ ಹಾಡುವವರು. ಅವರು ಹೋದಲ್ಲೆಲ್ಲ ಜನ ಬಿದ್ದು ಬಿದ್ದು ನಗುತ್ತಾರೆ. ಅವತ್ತು ಕಾಫಿ ಬೋರ್ಡಿನ ಜೀಪಿನ ಮೇಲೆ, ಮೀನು ಮಾರುವವನ ತಕ್ಕಡಿ ಮೇಲೆ, ಮಾಲಕಿಯ ಮೆಣಸಿನ ಸಾರಿನ ಮೇಲೆ ಪದ ಹೇಳಿದರು. ಯಾರೂ ನಗಲಿಲ್ಲ. ಸ, ಚ, ತ, ಕ ಇವೆಲ್ಲ ಮೇಲಿನ ಹೋಳುಗಳಲ್ಲಿ ಇರುವ ಅಕ್ಷರಗಳು. ನಾನು ಅವನ್ನು ಕತ್ತರಿಸಿ ಹಾಕಿದ್ದೆ. ಜನಕ್ಕೆ ತಲುಪಿದ್ದು ಕಂಬಳಿಯೊಳಗಿಂದ ಬಂದ ಹಾಗಿನ ಗುಂಯ್ ಗುಂಯ್ ಮಾತ್ರ. ಅವರು ಒಂದೊಂದು ಪದದ ಕೊನೆಗೆ ನಿಂತು ನಗು ಬರುವುದಕ್ಕೆ ಕಾದರು. ಎಂಟು ಗಂಟೆಯವರೆಗೆ ಕಾದರು. ಆಮೇಲೆ ದಮ್ಮಡಿಯನ್ನು ಟವೆಲಿನಲ್ಲಿ ಸುತ್ತಿ, "ನನಗೂ ವಯಸ್ಸಾಯ್ತು ಕಾಣ್ತದೆ," ಎಂದು ಮಾಲಕಿಗೆ ಹೇಳಿದರು.

ನಾನು ಅಲ್ಲೇ ಇದ್ದೆ. ತಪ್ಪು ನಿಮ್ಮದಲ್ಲ ಎಂದು ಹೇಳಲು ಒಂದು ವಾಕ್ಯ ಸಾಕಿತ್ತು. ಹೇಳಲಿಲ್ಲ. ಅವರು ಮೆಟ್ಟಿಲಿಳಿದು ಹೋಗುವುದನ್ನು ನೋಡುತ್ತಾ ನಿಂತೆ.

ಶುಕ್ರವಾರದ ಸರದಿ ಎಸ್ಟೇಟ್ ಲೈನಿನ ನಾಲ್ವರು ಹೆಂಗಸರದು. ಗದ್ದೆ ನಾಟಿಯ ಪದಗಳನ್ನು ಹಾಡುವವರು. ಅವರಲ್ಲಿ ಹಿರಿಯಾಕೆ ಈ ರೊಟ್ಟಿಯ ಹೆಂಗಸಿನ ತಾಯಿ. ವಾದ್ಯವಿಲ್ಲ, ಬರೀ ದನಿ, ಬರೀ ಮಾತು. ನಿನ್ನೆಯ ಹಾಗೆ ಮಾಡಿದರೆ ಅವರ ಪದಗಳೂ ಸಾಯುತ್ತವೆ. ಮಾಡದಿದ್ದರೆ ಸಿಳ್ಳೆ. ಇಷ್ಟು ದಿನ ಬೇರೆಯವರ ಮನೆಯ ಅಂಗಳ, ಗದ್ದೆ ಬಿಟ್ಟು ಎಲ್ಲೂ ಹಾಡದವರು ಮೊದಲ ಸಲ ಜನರೆದುರು ಕೂರುವಾಗ ಎರಡರಲ್ಲಿ ಯಾವುದನ್ನು ಕೊಡುವುದು? ಮಧ್ಯಾಹ್ನ ಎರಡೂವರೆಗೆ ಹೋಟೆಲಿಗೆ ಹೋದೆ. ಊಟದವರು ಖಾಲಿಯಾಗಿದ್ದರು. ಮಾಲಕಿ ಸೊಪ್ಪು ಬಿಡಿಸುತ್ತಿದ್ದರು. ರೊಟ್ಟಿಯ ಹೆಂಗಸು ಎದುರಿಗೇ ಕೂತು ಹಿಟ್ಟು ಕಲಸುತ್ತಿದ್ದರು.

ನಿಂತೇ ಹೇಳಿದೆ. "ನನಗೆ ಸಣ್ಣ ದನಿ ಕೇಳ್ಸೋದಿಲ್ಲ. ಗಾಜಿನದ್ದೂ ಅಲ್ಲ, ಮೈಕಿನದ್ದೂ ಅಲ್ಲ. ನನ್ನ ಕಿವೀದು. ನಿನ್ನೆ ಯಜಮಾನರ ಹಾಡು ಹಾಳಾಗಿದ್ದೂ ನನ್ನಿಂದ್ಲೇ."

ಮಾಲಕಿ ಸೊಪ್ಪು ಕೆಳಗಿಟ್ಟರು. "ಎಷ್ಟು ದಿನದಿಂದ?"

"ಗೊತ್ತಿಲ್ಲ. ಗೊತ್ತಾಗಿದ್ದು ನಿನ್ನೆ."

"ಮತ್ತೆ ನಿನ್ನೆ ಯಾಕೆ ಹೇಳ್ಲಿಲ್ಲ?"

ನಾನು ರೊಟ್ಟಿಯ ಹೆಂಗಸಿನ ಕಡೆ ತಿರುಗಿದೆ. "ಮೊನ್ನೆ ಹಾಗೆ ಅಂದಿದ್ದು ತಪ್ಪಾಯ್ತು. ನೀವು ಸರಿಯಾಗೇ ಹೇಳಿದ್ರಿ."

ಅವರು ಹಿಟ್ಟನ್ನು ಇನ್ನೂ ಸ್ವಲ್ಪ ನಾದಿದರು. ಮಾಲಕಿ ಚಿಕ್ಕಮಗಳೂರಿನಲ್ಲಿ ತಮಗೆ ಗೊತ್ತಿರುವ ಸೌಂಡಿನವರೊಬ್ಬರಿದ್ದಾರೆ, ಈಗ ಫೋನ್ ಮಾಡಿದರೆ ಐದಕ್ಕೆ ಬರಬಹುದೋ ಏನೋ ಎಂದು ತಮ್ಮಷ್ಟಕ್ಕೇ ಎಂಬಂತೆ ಹೇಳಿದರು. ಅವರು ಹೇಳುವುದು ನ್ಯಾಯವಾಗಿಯೇ ಇತ್ತು. ನನಗೆ ಆಗ ಅಲ್ಲಿಂದ ಹೊರಟುಹೋದರೆ ಸಾಕು ಅನ್ನಿಸುತ್ತಿತ್ತು.

"ಯಾಕೆ ಅವರೆಲ್ಲ," ಎಂದರು ರೊಟ್ಟಿಯ ಹೆಂಗಸು, ತಲೆ ಎತ್ತದೆ. "ನನಗೆ ಕೇಳುತ್ತಲ್ಲ. ಅಣ್ಣ ತಿರುಗಿಸ್ಲಿ, ನಾನು ಹೇಳ್ತೀನಿ."

ಮಾಲಕಿ ಅವರನ್ನು ನೋಡಿದರು, ನನ್ನನ್ನು ನೋಡಿದರು. "ಆಗ್ತದಾ?"

"ನೋಡುವಾ," ಎಂದೆ.

ಅವರು ಕೈ ತೊಳೆದು ಬಂದು ಊಟದ ಹಾಲ್ ನಡುವೆ ನಿಂತರು. ನಾನು ಎಲ್ಲ ಸ್ಲೈಡರುಗಳನ್ನೂ ಮತ್ತೆ ಸಮಕ್ಕೆ ತಂದು, ಮೈಕ್ ತೆರೆದು, ವಾಲ್ಯೂಮ್ ಏರಿಸಿದೆ. ಕೆಳಗಿನ ನಾಲ್ಕು ಕೂಗುಗಳನ್ನು ನಾನೇ ಹಿಡಿದೆ. ಆಮೇಲೆ ನನಗೆ ಎಲ್ಲ ನಿಶ್ಶಬ್ದವಾಯಿತು. ಅವರ ಕೈ ಮೇಲೆದ್ದಿತು.

"ಈಗ ಇದೆಯಾ?"

"ಇದೆ."

ಮೇಲಿನ ಸ್ಲೈಡರುಗಳನ್ನು ಒಂದೊಂದಾಗಿ ಸ್ವಲ್ಪ ಏರಿಸುತ್ತಾ ಹೋದೆ. ಯಾವುದನ್ನು ಏರಿಸಿದಾಗ ಸಿಳ್ಳೆ ಜೋರಾಗುತ್ತದೋ ಅದೇ ಅಪರಾಧಿ. ಮೂರು ಸಾವಿರಕ್ಕೆ ಅವರು ತಲೆಯಾಡಿಸಿದರು, ಅಲ್ಲ. ನಾಲ್ಕು ಸಾವಿರ, ಸ್ವಲ್ಪ ಹೌದು. ಐದು ಸಾವಿರ, ಅಲ್ಲ. ಆರು ಸಾವಿರದ ಮುನ್ನೂರಕ್ಕೆ ಅವರು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು. ಒಳಗೆ ಪಾತ್ರೆ ತೊಳೆಯುತ್ತಿದ್ದವರು ಹೊರಗೆ ಓಡಿ ಬಂದರು. ನನ್ನ ಮಟ್ಟಿಗೆ ಹಾಲಿನಲ್ಲಿ ಒಂದು ಚೂರೂ ಶಬ್ದವಿರಲಿಲ್ಲ. ಅಷ್ಟು ಜನರ ಮುಖಗಳು ಒಟ್ಟಿಗೆ ಮುದುಡಿದ್ದನ್ನು ನೋಡುತ್ತಾ ಆ ಸ್ಲೈಡರನ್ನು ನಿಧಾನವಾಗಿ ಇಳಿಸಿದೆ, ಮುಖಗಳು ಬಿಚ್ಚಿಕೊಳ್ಳುವವರೆಗೆ.

"ಸಾಕು, ಸಾಕು," ಎಂದರು ಅವರು. "ಇನ್ನೂ ಇಳಿಸಿದ್ರೆ ಮಂಕಾಗುತ್ತೆ."

ಮಂಕಾಗುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಐದೂವರೆಗೆ ಅವರ ತಾಯಿ ಮತ್ತು ಉಳಿದ ಮೂವರು ಬಂದರು. ನಾಲ್ಕು ಸ್ಟ್ಯಾಂಡ್, ನಾಲ್ಕು ಮೈಕ್ ಸಾಲಾಗಿ ನಿಲ್ಲಿಸಿದ್ದೆ. ಹಿರಿಯಾಕೆ ಮೈಕಿನ ಮುಂದೆ ನಿಂತು ಒಂದು ಸಾಲು ಹಾಡಿ ನಿಲ್ಲಿಸಿಬಿಟ್ಟರು.

"ಹೀಗೆ ನೆಟ್ಟಗೆ ನಿಂತ್ರೆ ದನಿ ಬರೋದಿಲ್ಲ ಕಣಪ್ಪ," ಎಂದರು. "ಒಬ್ಬರ ಮುಖ ಒಬ್ಬರಿಗೆ ಕಾಣ್ಬೇಕು. ಅವಳು ಬಿಟ್ಟಿದ್ದನ್ನ ನಾನು ಹಿಡೀಬೇಕಲ್ಲ."

ಸ್ಟ್ಯಾಂಡುಗಳನ್ನೆಲ್ಲ ತೆಗೆದೆ. ನೆಲಕ್ಕೆ ಜಮಖಾನ ಹಾಸಿ ನಾಲ್ವರನ್ನೂ ದುಂಡಗೆ ಕೂರಿಸಿ, ನಡುವೆ ಮೊಣಕಾಲಿನ ಎತ್ತರಕ್ಕೆ ಒಂದೇ ಮೈಕ್ ಇಟ್ಟೆ. ಒಂದೇ ಮೈಕಾದರೆ ಕೂಗುವ ಭಯವೂ ಕಡಿಮೆ. ಮಗಳು ಅಡುಗೆಮನೆಯ ಬಾಗಿಲಲ್ಲಿ ನನಗೆ ಕಾಣುವ ಹಾಗೆ ನಿಂತರು. ಕೈ ಎತ್ತಿದರೆ ಸಿಳ್ಳೆ, ಅಂಗೈ ಕೆಳಗೆ ಮಾಡಿದರೆ ಚುಚ್ಚುತ್ತಿದೆ, ಮೇಲೆ ಮಾಡಿದರೆ ಮಂಕು. ಅವರ ಜಾಗದಲ್ಲಿ ಒಲೆಯ ಮುಂದೆ ಮಾಲಕಿಯೇ ರೊಟ್ಟಿಗೆ ನಿಂತರು. ಅವತ್ತಿನ ರೊಟ್ಟಿಗಳು ಒಂದೂ ದುಂಡಗಿರಲಿಲ್ಲ.

ನಾಟಿ ಪದ ಶುರುವಾದಾಗ ಹಾಲಿನಲ್ಲಿ ಸ್ಟೀಲ್ ಲೋಟ ಇಡುವ ಸದ್ದಿತ್ತು. ಎರಡನೇ ಪದಕ್ಕೆ ಅದೂ ನಿಂತಿತು. ಹಿರಿಯಾಕೆ ಒಂದು ಸಾಲು ಎತ್ತುವರು, ಉಳಿದವರು ಅದರ ಬಾಲ ಹಿಡಿದು ಮೇಲಕ್ಕೆ ಒಯ್ಯುವರು. ಅತ್ತೆಯ ಮನೆಯ ಕೋಳಿಯ ಮೇಲೆ ಒಂದು ಪದವಿತ್ತು. ಮೂಲೆಯ ಮೇಜಿನಲ್ಲಿ ಒಬ್ಬ ವಕೀಲರು ನಗು ತಡೆಯಲಾರದೆ ಕೆಮ್ಮಿದರು. ಪದ ಕೊನೆಯ ಮೇಜಿನವರೆಗೂ ಹೋಗುತ್ತಿತ್ತು. ನಾನು ಹಾಡುವವರನ್ನು ನೋಡಲಿಲ್ಲ. ಎರಡು ಗಂಟೆ ಬಾಗಿಲಲ್ಲಿ ನಿಂತ ಹೆಂಗಸಿನ ಕೈಯನ್ನೇ ನೋಡಿದೆ. ಆರು ಸಲ ಅಂಗೈ ತಿರುಗಿತು, ಆರು ಸಲ ತಿದ್ದಿದೆ. ತಾಯಿ ಹಾಡುವಾಗ ಒಮ್ಮೆ ಅವರು ಕೈಯಲ್ಲಿ ಕಣ್ಣೊರೆಸಿಕೊಂಡರು. ಸಿಳ್ಳೆ ಬಂತೆಂದು ನಾನು ಗಾಬರಿಯಾಗಿ ಸ್ಲೈಡರಿಗೆ ಕೈ ಹಾಕಿದೆ.

ಮುಗಿದ ಮೇಲೆ ವಕೀಲರು ನನ್ನ ಹತ್ತಿರ ಬಂದರು. "ಅವರು ಕೈ ತಟ್ಟುವಾಗ ಬಳೆ ಶಬ್ದ ಎಷ್ಟು ಚಂದ ಬಂತು ಅಂತೀರಿ," ಎಂದರು. "ಪಕ್ಕದಲ್ಲೇ ಕೂತ ಹಾಗಿತ್ತು."

ನಾನು ಹೌದು ಎಂದು ತಲೆಯಾಡಿಸಲು ಹೊರಟವನು, "ನನಗೆ ಅದು ಕೇಳೋದಿಲ್ಲ ಸಾರ್," ಎಂದೆ. ಅವರು ತಮಾಷೆ ಎಂದುಕೊಂಡು ನಕ್ಕರು.

ಶನಿವಾರ ಬೆಳಿಗ್ಗೆ ಎರಡು ಫೋನ್ ಮಾಡಿದೆ. ದೇವರಮನೆ ಕಡೆಯ ಯಜಮಾನರಿಗೆ ವಿಷಯ ಹೇಳಿದೆ. "ಎರಡು ದಿನದಿಂದ ದಮ್ಮಡಿ ಮುಟ್ಟಿಲ್ಲ ನಾನು," ಎಂದರು. ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ಮತ್ತೆ ಬರುವುದಿಲ್ಲ ಎಂದರು, ಮನೆಯಲ್ಲಿ ಕೆಲಸವಿದೆ ಎಂದರು, ಫೋನಿಟ್ಟರು. ಅದು ಈಗಲೂ ನನ್ನನ್ನು ಕೊರೆಯುತ್ತದೆ.

ಕೊಳಲಿನವರು ಪೂರ್ತಿ ಕೇಳಿಸಿಕೊಂಡು, "ಈಗ ಯಾರು ಕೇಳೋದು ಹೇಳಿದ್ರಿ?" ಎಂದರು.

"ರೊಟ್ಟಿ ಮಾಡೋರು."

"ಅವರಿಗೆ ಸಂಗೀತ ಗೊತ್ತುಂಟಾ?"

"ಕಿವಿ ಇದೆ."

ಭಾನುವಾರದ ಸರದಿಯವರ ಜೊತೆ ಸಮಯ ಹಂಚಿಕೊಂಡು ಅವರಿಗೆ ಕೊನೆಯ ಮುಕ್ಕಾಲು ಗಂಟೆ ಸಿಕ್ಕಿತು. ಸಮಯ ಮೀರಿ ಎಂಟೂವರೆವರೆಗೆ ಊದಿದರು. ಕೊನೆಯ ಬಸ್ ತಪ್ಪಿತು. ಮಾಲಕಿ ಯಾರದೋ ಜೀಪಿನಲ್ಲಿ ಕಳಸಕ್ಕೆ ಕಳಿಸಿಕೊಟ್ಟರು.

ಮುಂದಿನ ವಾರ ಹೆಂಡತಿಯ ಒತ್ತಾಯಕ್ಕೆ ಚಿಕ್ಕಮಗಳೂರಿನ ಕಿವಿ ಡಾಕ್ಟರ ಬಳಿ ಹೋದೆ. ಹೋದದ್ದು ವಾಪಸ್ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬಹುದು ಎಂದರು. ಮೊದಲು ಎಷ್ಟು ಉಳಿದಿದೆ ಎಂದು ಅಳೆಯಬೇಕಿತ್ತು. ಒಂದು ಸಣ್ಣ ಗಾಜಿನ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಕೈಗೆ ಒಂದು ಬಟನ್ ಕೊಟ್ಟರು. ಶಬ್ದ ಕೇಳಿದಾಗಲೆಲ್ಲ ಒತ್ತಬೇಕು. ಬಲಗಿವಿಗೆ ತುಂಬಾ ಸಲ ಒತ್ತಿದೆ. ಎಡಗಿವಿಗೆ ಬಂದಾಗ ಒತ್ತುವುದು ಕಡಿಮೆಯಾಗುತ್ತಾ ಬಂದು ನಿಂತೇಹೋಯಿತು. ಗಾಜಿನಾಚೆ ಯಂತ್ರದ ಮುಂದೆ ಕೂತ ಹುಡುಗಿಯ ಬೆರಳು ನನಗೆ ಕಾಣುತ್ತಿತ್ತು. ಅವಳು ಯಾವಾಗ ದನಿ ಕಳಿಸುತ್ತಾಳೆ ಎಂದು ಆ ಬೆರಳು ನೋಡಿಯೇ ಹೇಳಬಹುದಿತ್ತು. ಅವಳ ಬೆರಳು ಇಳಿಯಿತು, ನನಗೇನೂ ಕೇಳಿಸಲಿಲ್ಲ. ನನ್ನ ಹೆಬ್ಬೆರಳು ಬಟನ್ನಿನ ಮೇಲೆ ತಾನಾಗಿಯೇ ಬಿಗಿಯಾಯಿತು.

ನಾನು ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿ ಕೂತೆ.